ಬಯಲುಸೀಮೆಯ ಹೆಣ್ಣುಮಕ್ಕಳೂ ಬೆಟ್ಟವೇರುವ ವಿದ್ಯೆಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಹುಟ್ಟಿ ಬೆಳೆದ ಮಗುವಿಗೆ ಪರ್ವತವೆಂಬದು ಭೂಗೋಳದ ಪುಸ್ತಕದಲ್ಲಿಯ ಚಿತ್ರವೇ ಹೊರತು ಕಣ್ಣಾರೆ ಕಂಡ ವಸ್ತುವಲ್ಲ. ಸತ್ಯವೇದವನ್ನು ಓದುವಾಗ ಸೀನಾಯಿಬೆಟ್ಟ, ಕರ್ಮೆಲ್‌ಬೆಟ್ಟ, ಎಣ್ಣೇಮರಗಳ ಗುಡ್ಡ ಮುಂತಾದ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ. ನಮ್ಮ ಮಕ್ಕಳು ಜೋಳದ ಹೊಲಗಳ ನಡುವೆ ಕುಳಿತು ಅವುಗಳನ್ನು ಊಹಿಸಿಕೊಳ್ಳಬೇಕಾಗುತ್ತದೆ. ಆದರೆ ಈಗಿನ ಕಾಲದಲ್ಲಿ ನಮ್ಮ ಶಾಲೆಗಳಿಂದ ಕಲಿತು ಹೋದ ಹೆಣ್ಣುಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್ ನಗರಗಳಲ್ಲಿ ಉದ್ಯೋಗದಲ್ಲಿದ್ದಾರೆ. ರಜೆ ಬಂದಾಗ ಅವರು ಗೆಳತಿಯರೊಡನೆ ಕೊಡಗಿಗೂ ಚಿಕ್ಕಮಗಳೂರಿಗೂ ಹಿಮಾಲಯಕ್ಕೂ ಹೊರಡುತ್ತಾರೆ. ಬೆಟ್ಟವೇರುವದು, ಬಂಡೆ ಹತ್ತುವದು, ರಭಸದ ನದಿಯಲ್ಲಿ ದೋಣಿ ನಡೆಸುವದು, ರೆಕ್ಕೆಯಂಥ ಬಟ್ಟೆಯನ್ನು ಕಟ್ಟಿಕೊಂಡು ಗಾಳಿಯಲ್ಲಿ ತೇಲುವದು, ಇವೆಲ್ಲ ಈಗ ಅವರ ಮಾತಿನಲ್ಲಿ ಕೇಳಿಬರುತ್ತವೆ. ಊರಿನಲ್ಲಿರುವ ತಂದೆತಾಯಿಗಳಿಗೆ ಇದರಿಂದ ಹೆಮ್ಮೆಯೂ ಉಂಟು, ಎದೆಗುದಿಯೂ ಉಂಟು. “ಹೋಗಬೇಡ” ಎಂದರೆ ಮಗಳು ಹೇಳದೆ ಹೋದಾಳೆಂಬ ಭಯ. “ಹೋಗು” ಎಂದರೆ ಏನಾದರೂ ಆದೀತೆಂಬ ಭಯ.

ಈ ಎರಡು ಭಯಗಳ ನಡುವೆ ತಿಳುವಳಿಕೆಯೆಂಬ ಮೂರನೆಯ ಮಾರ್ಗವಿದೆ. ತಿಳಿಯದೆ ಬೇಡವೆನ್ನುವದರಿಂದ ಮಕ್ಕಳ ಉತ್ಸಾಹವು ಕುಂದುವದು; ತಿಳಿಯದೆ ಹೂಂ ಎನ್ನುವದರಿಂದ ಪ್ರಾಣಕ್ಕೇ ಅಪಾಯ ಒದಗಬಹುದು. ಆದಕಾರಣ ಪರ್ವತಪ್ರಾಂತದ ಸಾಹಸಕ್ರೀಡೆಗಳ ವಿಷಯವಾಗಿ ಪ್ರತಿಯೊಂದು ಮನೆಯಲ್ಲಿ ತಿಳಿದಿರತಕ್ಕ ಮುಖ್ಯ ಸಂಗತಿಗಳನ್ನು ಇಲ್ಲಿ ಪಾಠದ ರೂಪದಲ್ಲಿ ಹೇಳಲಾಗಿದೆ.

1. ನಮ್ಮ ನೆಲ, ನಮ್ಮ ದೇಹ

ನಮ್ಮ ಸೀಮೆಯು ಸಮುದ್ರಮಟ್ಟದಿಂದ ಸುಮಾರು 400ರಿಂದ 500 ಮೀಟರು ಎತ್ತರದಲ್ಲಿರುವ ಬಯಲು. ಆಳಂದ, ಅಫಜಲಪುರಗಳ ಕರಿಮಣ್ಣಿನ ಕೆಳಗೆ ಇರುವದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದೊಳಗಿಂದ ಉಕ್ಕಿ ಹರಿದು ತಣ್ಣಗಾದ ಲಾವಾರಸದ ಕಪ್ಪುಕಲ್ಲು. ಆ ಕಲ್ಲೇ ಸವೆದು ನಮ್ಮ ತೊಗರಿ, ಜೋಳ ಬೆಳೆಯುವ ಎರೆಭೂಮಿಯಾಗಿದೆ. ಜೇವರ್ಗಿಯ ಕಡೆಗೆ ಬಂದರೆ ಫರಸಿಯ ಸುಣ್ಣಕಲ್ಲು ಕಾಣುತ್ತದೆ. ಜೇವರ್ಗಿ ದಾಟಿ ದಕ್ಷಿಣಕ್ಕೆ ಶಹಾಪುರದ ಹಾದಿ ಹಿಡಿದರೆ ನೋಟವೇ ಬದಲಾಗಿ, ದುಂಡು ದುಂಡಾದ ಬೆಣಚುಕಲ್ಲಿನ ಬಂಡೆಗಳು ಒಂದರ ಮೇಲೊಂದು ಕುಳಿತ ಗುಡ್ಡಗಳು ಎದುರಾಗುತ್ತವೆ. ಶಹಾಪುರದ ಹತ್ತಿರ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲನ್ನು ದಾರಿಹೋಕರು ನಿಂತು ನೋಡುವದುಂಟು. ಯಾದಗಿರಿಯ ಕೋಟೆಬೆಟ್ಟವೂ ಅಂಥ ಬಂಡೆಯ ಮೇಲೆಯೇ ಇದೆ. ಇವೇ ನಮಗೆ ಹತ್ತಿರದ ಬೆಟ್ಟಗಳು.

ಬಯಲಿನವರೆಂಬ ಕಾರಣದಿಂದ ನಾವು ಬೆಟ್ಟಕ್ಕೆ ಅಯೋಗ್ಯರೆಂದು ತಿಳಿಯಬೇಕಾದದ್ದಿಲ್ಲ. ತಲೆಯ ಮೇಲೊಂದು ಕೊಡ, ಬಗಲಲ್ಲೊಂದು ಕೊಡ ಹೊತ್ತು ಬಾವಿಯಿಂದ ಮನೆಗೆ ನಡೆದ ನಮ್ಮ ತಾಯಂದಿರ ಕಾಲಿಗೆ ಇದ್ದ ಬಲವೂ ತೂಕವೂ ಪರ್ವತಾರೋಹಿಗೆ ಬೇಕಾದ ಬಲ, ತೂಕಗಳೇ. ನಲವತ್ತು ಡಿಗ್ರಿಗೂ ಮಿಕ್ಕಿದ ಬೇಸಗೆಯನ್ನು ಸಹಿಸುವ ಅಭ್ಯಾಸವೂ ನಮಗಿದೆ. ನಮಗೆ ಇಲ್ಲದ ಅಭ್ಯಾಸಗಳು ಎರಡು: ತೆಳುವಾದ ಗಾಳಿ ಮತ್ತು ಒದ್ದೆಯಾದ ಚಳಿ. ಈ ಎರಡನ್ನೂ ನಮ್ಮ ದೇಹವು ಹುಟ್ಟಿನಿಂದ ಅರಿಯದು. ಬೆಟ್ಟದಲ್ಲಿ ಬಯಲಿನವರಿಗೆ ಬರುವ ಕಷ್ಟಗಳಲ್ಲಿ ಬಹುಪಾಲು ಇವುಗಳಿಂದಲೇ ಬರುತ್ತವೆ.

2. ಸ್ತ್ರೀಯರು ಬೆಟ್ಟವೇರಿದ ಚರಿತ್ರೆ

ಪರ್ವತದ ತುದಿಯನ್ನು ಮುಟ್ಟುವದೇ ಒಂದು ಉದ್ದೇಶವೆಂದು ಜನರು ಏರತೊಡಗಿದ್ದು ಬಹು ಹಿಂದಿನ ಮಾತಲ್ಲ. ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಮೋಂಬ್ಲಾ ಶಿಖರವನ್ನು ಮೊದಲು ಏರಿದ್ದು 1786ರಲ್ಲಿ. ಅದೇ ಶಿಖರವನ್ನು 1808ರಲ್ಲಿ ಮಾರಿ ಪಾರಾದಿ ಎಂಬ ಬಡ ಸೇವಕಿಯು ಕೆಲವರ ಸಹಾಯದಿಂದ ಮುಟ್ಟಿದಳು. 1838ರಲ್ಲಿ ಹೆನ್ರಿಯೆಟ್ ದಾಂಜವಿಲ್ ಎಂಬಾಕೆಯು ತನ್ನ ಸ್ವಂತ ಬಲದಿಂದಲೇ ಏರಿದಳು. 1871ರಲ್ಲಿ ಲೂಸಿ ವಾಕರ್ ಎಂಬ ಆಂಗ್ಲ ಮಹಿಳೆಯು ಉದ್ದ ಲಂಗವನ್ನುಟ್ಟೇ ಮ್ಯಾಟರ್‌ಹಾರ್ನ್ ಎಂಬ ಕಡಿದಾದ ಶಿಖರವನ್ನು ಹತ್ತಿದಳು. ಸ್ತ್ರೀಯರಿಗೆ ಇದು ಸಲ್ಲದೆಂದು ಹೇಳುವವರು ಆ ದೇಶಗಳಲ್ಲಿಯೂ ಕಡಿಮೆ ಇರಲಿಲ್ಲ.

ಲೋಕದಲ್ಲೇ ಎತ್ತರವಾದ ಎವರೆಸ್ಟ್ ಶಿಖರವು 8,848.86 ಮೀಟರು ಎಂದು ನೇಪಾಳ, ಚೀನಾ ಸರಕಾರಗಳು 2020ರಲ್ಲಿ ಕೂಡಿ ಪ್ರಕಟಿಸಿದವು. 1953ರ ಮೇ 29ರಂದು ತೇನ್‌ಸಿಂಗ್, ಹಿಲರಿ ಇಬ್ಬರೂ ಅದನ್ನು ಮುಟ್ಟಿದ 22 ವರ್ಷಗಳ ತರುವಾಯ, 1975ರ ಮೇ 16ರಂದು ಜಪಾನಿನ ಜುಂಕೊ ತಾಬೆಯವರು ಅಲ್ಲಿ ನಿಂತ ಮೊದಲ ಸ್ತ್ರೀಯಾದರು. ಅದಕ್ಕೆ ಹನ್ನೆರಡು ದಿನಗಳ ಮುಂಚೆ ಹಿಮವು ಜರಿದು ಬಿದ್ದು ಅವರ ಬಿಡಾರವೇ ಹೂತುಹೋಗಿತ್ತು.

ನಮ್ಮ ದೇಶದ ಬಚೇಂದ್ರಿ ಪಾಲ್ ಅವರ ಕಥೆಯು ಶಾಲೆಯವರಾದ ನಮಗೆ ಇನ್ನೂ ಹತ್ತಿರವಾದದ್ದು. ಉತ್ತರಕಾಶಿಯ ಹತ್ತಿರದ ನಾಕುರಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು ಎಂ.ಎ., ಬಿ.ಎಡ್. ಓದಿ ಉಪಾಧ್ಯಾಯಿನಿಯಾಗುವದಕ್ಕೆ ಯೋಗ್ಯತೆ ಪಡೆದಿದ್ದರು. ತಕ್ಕ ಕೆಲಸ ಸಿಕ್ಕದೆ ಇದ್ದಾಗ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ ಸೇರಿ ಕಲಿತರು. 1984ರ ಮೇ ತಿಂಗಳ ನಡುವೆ ಎವರೆಸ್ಟಿನ ಬಿಡಾರದ ಮೇಲೆ ರಾತ್ರಿ ಹಿಮರಾಶಿ ಉರುಳಿ ಅವರ ತಲೆಗೆ ಪೆಟ್ಟಾಯಿತು. ಸಂಗಡಿಗರಲ್ಲಿ ಹಲವರು ಗಾಯಗೊಂಡು ಹಿಂದಿರುಗಿದರು. ಅವರು ಉಳಿದರು. ಮೇ 23ರಂದು, ತಮ್ಮ ಮೂವತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಶಿಖರವನ್ನು ಮುಟ್ಟಿದ ಮೊದಲ ಭಾರತೀಯ ಸ್ತ್ರೀಯಾದರು.

3. ನೆರೆಯ ಸೀಮೆಯ ಹುಡುಗಿ

“ಅವರು ಬೆಟ್ಟದ ಮಡಿಲಲ್ಲೇ ಹುಟ್ಟಿದವರು, ನಮ್ಮ ಮಾತು ಬೇರೆ” ಎಂದು ಯಾರಾದರೂ ಹೇಳಬಹುದು. ಅವರಿಗೆ ಉತ್ತರವು ನಮ್ಮ ನೆರೆಯಲ್ಲಿಯೇ ಇದೆ. ಕಲಬುರ್ಗಿಯೂ ನಿಜಾಮಾಬಾದವೂ 1956ರ ವರೆಗೆ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. ಆ ನಿಜಾಮಾಬಾದ ಜಿಲ್ಲೆಯ ಪಾಕಾಲ ಎಂಬ ಹಳ್ಳಿಯ ಕೃಷಿಕೂಲಿಗಳ ಮಗಳು ಮಾಲಾವತ್ ಪೂರ್ಣಾ. ಸರಕಾರದ ಸಮಾಜಕಲ್ಯಾಣ ವಸತಿಶಾಲೆಯಲ್ಲಿ ಓದುತ್ತಿದ್ದ ಈ ಬಾಲಿಕೆಯು 2014ರ ಮೇ 25ರಂದು, ಹದಿನಾಲ್ಕು ವರ್ಷ ತುಂಬುವದಕ್ಕೆ ಕೆಲವು ದಿನಗಳಿರುವಾಗ, ಎವರೆಸ್ಟನ್ನೇರಿ ಆ ಶಿಖರವನ್ನು ಮುಟ್ಟಿದ ಹುಡುಗಿಯರಲ್ಲೆಲ್ಲ ಕಿರಿಯಳೆನಿಸಿಕೊಂಡಳು.

ಈ ಸುದ್ದಿಯಲ್ಲಿ ಜನರು ವಯಸ್ಸನ್ನು ಮಾತ್ರ ನೋಡಿ ಬೆರಗಾದರು. ಕಲಿಯತಕ್ಕದ್ದು ವಯಸ್ಸನ್ನಲ್ಲ, ಕ್ರಮವನ್ನು. ಆಕೆಯ ಅಭ್ಯಾಸವು ಆರಂಭವಾದದ್ದು ಹೈದರಾಬಾದಿಗೆ ಸಮೀಪದ ಭುವನಗಿರಿಯ ಬಂಡೆಯ ಮೇಲೆ. ಆ ಒಂಟಿಬಂಡೆಯ ಮೇಲಿನ ಕೋಟೆಯ ಹೆಸರು ಕಲ್ಯಾಣದ ಚಾಲುಕ್ಯ ತ್ರಿಭುವನಮಲ್ಲ ಆರನೆಯ ವಿಕ್ರಮಾದಿತ್ಯನಿಂದ ಬಂದದ್ದು; ಅವನ ರಾಜಧಾನಿಯಾದ ಕಲ್ಯಾಣವು ನಮ್ಮ ಆಳಂದದ ನೆರೆಯ ಬಸವಕಲ್ಯಾಣವೇ. ಬಂಡೆಯ ಮೇಲೆ ಕೈಕಾಲು ಪಳಗಿದ ಮೇಲೆ ಆರಿಸಿದ ಮಕ್ಕಳನ್ನು ದಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆಗೆ ಕಳುಹಿಸಿದರು. ಅನಂತರ ಲಡಾಖಿನ ಚಳಿಯಲ್ಲಿ ಅಭ್ಯಾಸ ನಡೆಯಿತು. ಒಂದೊಂದು ಮೆಟ್ಟಿಲಿನಲ್ಲಿಯೂ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತ ಬಂದು, ಕಡೆಗೆ ಪೂರ್ಣಾ ಮತ್ತು ಆನಂದಕುಮಾರ ಎಂಬ ಬಾಲಕ ಇಬ್ಬರೇ ಉಳಿದರು. ನೇಪಾಳದ ಕಡೆಯಿಂದ ಏರುವದಕ್ಕೆ ಹದಿನಾರು ವರ್ಷ ತುಂಬಿರಬೇಕೆಂಬ ನಿಯಮವಿದ್ದದರಿಂದ ಅವರು ಟಿಬೆಟಿನ ಕಡೆಯಿಂದ ಏರಿದರು.

ಹದಿಮೂರು ವರ್ಷದ ಮಕ್ಕಳನ್ನು ಅಷ್ಟು ಎತ್ತರಕ್ಕೆ ಕಳುಹಿಸುವದು ಸರಿಯೋ ಎಂದು ಕೇಳುವವರುಂಟು. ಆ ಪ್ರಶ್ನೆಯು ನ್ಯಾಯವಾದದ್ದೇ. ಎಲ್ಲರೂ ಹಾಗೆ ಮಾಡಬೇಕೆಂಬದು ಈ ಪಾಠದ ತಾತ್ಪರ್ಯವಲ್ಲ. ಊರ ಬಂಡೆ ಮೊದಲು, ಚಿಕ್ಕ ಬೆಟ್ಟ ಆಮೇಲೆ, ದೊಡ್ಡ ಪರ್ವತ ಕಡೆಗೆ ಎಂಬ ಕ್ರಮವನ್ನು ಬಿಡದಿದ್ದರೆ ಬಯಲಿನ ಬಡಮನೆಯ ಹುಡುಗಿಗೂ ಯಾವ ಎತ್ತರವೂ ಮುಚ್ಚಿದ ಬಾಗಿಲಲ್ಲ ಎಂಬದೇ ತಾತ್ಪರ್ಯ. ಆಕೆಯು ಅಲ್ಲಿಗೇ ನಿಲ್ಲದೆ 2022ರೊಳಗೆ ಏಳು ಖಂಡಗಳ ಏಳು ಅತ್ಯುನ್ನತ ಶಿಖರಗಳನ್ನೂ ಏರಿದಳು.

4. ತೆಳುವಾದ ಗಾಳಿ

ಸಮುದ್ರತೀರದಲ್ಲಿಯೂ ಹಿಮಾಲಯದ ತುದಿಯಲ್ಲಿಯೂ ಗಾಳಿಯ ನೂರು ಪಾಲಿನಲ್ಲಿ ಆಮ್ಲಜನಕವು ಸುಮಾರು 21 ಪಾಲೇ. ಆದರೆ ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡವು ಕಡಿಮೆಯಾಗುವದರಿಂದ ಒಂದೊಂದು ಉಸಿರಿನಲ್ಲಿ ಸಿಕ್ಕುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಸಮುದ್ರಮಟ್ಟದ ಒತ್ತಡವನ್ನು ನೂರೆಂದಿಟ್ಟರೆ 3,000 ಮೀಟರಿನಲ್ಲಿ ಅದು ಸುಮಾರು 70. 5,500 ಮೀಟರಿನಲ್ಲಿ ಸುಮಾರು ಅರ್ಧ. ಎವರೆಸ್ಟಿನ ತುದಿಯಲ್ಲಿ ಮೂರರಲ್ಲೊಂದು ಪಾಲು.

2,500 ಮೀಟರನ್ನು ದಾಟಿದ ಮೇಲೆ ಯಾರಿಗಾದರೂ ಎತ್ತರದ ಬೇನೆ ಬರಬಹುದು. ತಲೆನೋವು, ಓಕರಿಕೆ, ಊಟ ಸೇರದಿರುವದು, ನಿದ್ರೆ ಬಾರದಿರುವದು ಇದರ ಮೊದಲ ಗುರುತುಗಳು. ಗಟ್ಟಿಮುಟ್ಟಾದ ತರುಣರಿಗೆ ಇದು ಬಾರದೆಂಬ ನಂಬಿಕೆ ತಪ್ಪು. ಬಲಶಾಲಿಗಳು ಬೇಗ ಬೇಗ ಏರುವದರಿಂದ ಅವರೇ ಮುಂಚೆ ಬೀಳುವದುಂಟು. ಈ ಗುರುತುಗಳು ಕಂಡಾಗ ಅಲ್ಲಿಯೇ ನಿಲ್ಲಬೇಕು, ಮೇಲಕ್ಕೆ ಹೋಗಕೂಡದು. ಕುಳಿತಲ್ಲಿಯೂ ಏದುಸಿರು, ಎದೆಯಲ್ಲಿ ಗುಳುಗುಳು ಶಬ್ದ, ನೊರೆಗಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ತೂರಾಡುವ ನಡಿಗೆಯೂ ತಾಳವಿಲ್ಲದ ಮಾತೂ ಕಂಡರೆ ಮಿದುಳು ಬಾತುಕೊಳ್ಳುತ್ತಿದೆ ಎಂದರ್ಥ. ಎರಡೂ ಪ್ರಾಣಾಂತಿಕವಾದವು. ಆಗ ಬೆಳಗಾಗಲಿ ಎಂದು ಕಾಯದೆ ರೋಗಿಯನ್ನು ಕೂಡಲೆ ಕೆಳಕ್ಕೆ ಇಳಿಸಬೇಕು. ಇಳಿಯುವದಕ್ಕೆ ಸಮನಾದ ಔಷಧವಿಲ್ಲ. ಮುಂಜಾಗ್ರತೆಯ ಮಾತ್ರೆಗಳುಂಟಾದರೂ ವೈದ್ಯರ ಮಾತಿಲ್ಲದೆ ಅವುಗಳನ್ನು ನುಂಗಬಾರದು.

ತಡೆಯುವ ಉಪಾಯವು ಸರಳವಾಗಿದೆ. 3,000 ಮೀಟರಿನ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಮಿಸಬೇಕು. ರಜೆ ಕಡಿಮೆಯೆಂದು ಈ ದಿನಗಳನ್ನು ಕತ್ತರಿಸಿ ಮಾಡಿದ ಪ್ರಯಾಣವು ಅಗ್ಗವಾಗಿ ಕಂಡರೂ ಬಹಳ ದುಬಾರಿಯಾಗಬಹುದು.

ಹೆಣ್ಣುಮಕ್ಕಳ ಮಟ್ಟಿಗೆ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರಕ್ತದಲ್ಲಿ ಆಮ್ಲಜನಕವನ್ನು ಹೊರುವದು ಹಿಮೋಗ್ಲೋಬಿನ್ ಎಂಬ ಕೆಂಪು ಪದಾರ್ಥ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಬಯಲಿನಲ್ಲಿ ಇದು ಬರೀ ಆಯಾಸವಾಗಿ ತೋರೀತು. ಎತ್ತರದಲ್ಲಿ ಅದೇ ದೊಡ್ಡ ಕೊರತೆಯಾಗುವದು. ಆದುದರಿಂದ ಹೊರಡುವದಕ್ಕೆ ಮೂರು ತಿಂಗಳ ಮೊದಲೇ ರಕ್ತಪರೀಕ್ಷೆ ಮಾಡಿಸಿ, ಸೊಪ್ಪು, ಕಾಳು, ಬೆಲ್ಲಗಳ ಜೊತೆಗೆ ವೈದ್ಯರು ಹೇಳಿದ ಮಾತ್ರೆಗಳಿಂದ ಅದನ್ನು ಸರಿಪಡಿಸಿಕೊಳ್ಳಬೇಕು. ತಿಂಗಳ ದಿನಗಳು ಬೆಟ್ಟವೇರುವದಕ್ಕೆ ಅಡ್ಡಿಯಲ್ಲ. ಬೇಕಾದ ಬಟ್ಟೆಬರೆಗಳನ್ನು ಒಯ್ದು, ಬಳಸಿದ್ದನ್ನು ಬೆಟ್ಟದಲ್ಲಿ ಬಿಸಾಡದೆ ಕಟ್ಟಿ ಹಿಂದಕ್ಕೆ ತರಬೇಕಷ್ಟೇ.

5. ಒದ್ದೆಯಾದ ಚಳಿ

ಸಾವಿರ ಮೀಟರು ಏರಿದಂತೆ ಉಷ್ಣತೆಯು ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಫಜಲಪುರದಲ್ಲಿ ಮೇ ತಿಂಗಳ ನಡುಹಗಲು 40 ಡಿಗ್ರಿಯಿದ್ದಾಗ, ಅಲ್ಲಿಂದ 4,000 ಮೀಟರು ಮೇಲಿನ ಗಾಳಿಯು 14 ಡಿಗ್ರಿಯಷ್ಟಿರುವದೆಂದು ಲೆಕ್ಕ. ಇದು ಬಿಸಿಲಿನ ಹೊತ್ತಿನ ಮಾತು. ರಾತ್ರಿ, ಮಳೆ, ಬಿರುಗಾಳಿ ಕೂಡಿದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೂ ಕೆಳಗಿಳಿಯುವದು. ಗಾಳಿಯು ಮೈಶಾಖವನ್ನು ಕಸಿದುಕೊಂಡು ಹೋಗುತ್ತದೆ. ಒದ್ದೆ ಬಟ್ಟೆಯು ಅದಕ್ಕಿಂತಲೂ ಬೇಗ ಕಸಿಯುತ್ತದೆ. ಮೈಯೊಳಗಿನ ಶಾಖವು 35 ಡಿಗ್ರಿಗಿಂತ ಕೆಳಗಿಳಿದರೆ ನಡುಕ, ತೊದಲು, ಮಂಕು ಕವಿಯುತ್ತವೆ. ಇನ್ನೂ ಇಳಿದರೆ ನಡುಕವೂ ನಿಲ್ಲುವದು. ಅದು ಗುಣವಾದದ್ದರ ಗುರುತಲ್ಲ, ಮರಣವು ಹತ್ತಿರವಾದದ್ದರ ಗುರುತು.

2024ರ ಮೇ ಕಡೆಯಲ್ಲಿ ಉತ್ತರಾಖಂಡದ ಸಹಸ್ರತಾಲ ಎಂಬ ಎತ್ತರದ ಸರೋವರಕ್ಕೆ 22 ಜನರ ಒಂದು ತಂಡವು ಹೊರಟಿತು. ಅವರಲ್ಲಿ ಬಹುಮಂದಿ ನಮ್ಮ ಕರ್ನಾಟಕದವರು. ಬೆಟ್ಟ ಹೊಸದಲ್ಲದವರೂ ಇದ್ದರು. ಜೂನ್ 3ರಂದು, ನಾಲ್ಕು ಸಾವಿರ ಮೀಟರಿಗೂ ಮೇಲೆ, ಬಿರುಗಾಳಿಯೂ ಹಿಮವೂ ಒಟ್ಟಾಗಿ ಅವರನ್ನು ಕವಿದವು. ಒಂಬತ್ತು ಜನರು ಅಲ್ಲಿಯೇ ಪ್ರಾಣ ಬಿಟ್ಟರು. ಉಳಿದ ಹದಿಮೂರು ಜನರನ್ನು ವಿಪತ್ತುನಿವಾರಣಾ ಪಡೆಯವರೂ ವಾಯುಸೇನೆಯವರೂ ಕೆಳಕ್ಕೆ ತಂದರು. ಬೆಂಗಳೂರಿನಲ್ಲಿ ಜನರು ಬೇಸಗೆಯ ಉಡುಪಿನಲ್ಲಿ ಓಡಾಡುತ್ತಿದ್ದ ತಿಂಗಳಿನಲ್ಲಿ ಅವರು ಚಳಿಯಿಂದ ಮರಣ ಹೊಂದಿದರು. ಆ ಕುಟುಂಬಗಳ ದುಃಖವನ್ನು ನೆನೆದು ತಲೆಬಾಗೋಣ. ತಪ್ಪು ಯಾರದೆಂದು ದೂರದಲ್ಲಿ ಕುಳಿತು ತೀರ್ಪು ಹೇಳುವದು ನಮ್ಮ ಕೆಲಸವಲ್ಲ. ಆದರೆ ಬೇಸಗೆಯೆಂಬ ಹೆಸರಿಗೆ ಆ ಎತ್ತರದಲ್ಲಿ ಅರ್ಥವಿಲ್ಲವೆಂಬದನ್ನೂ, ಮೋಡ ಕಟ್ಟುವದನ್ನು ಕಂಡಾಗಲೇ ಹಿಂದಿರುಗಬೇಕೆಂಬದನ್ನೂ ನಾವು ಮನಸ್ಸಿನಲ್ಲಿ ಬರೆದುಕೊಳ್ಳಬೇಕು.

ಉಡುಪಿನ ನಿಯಮವು ನಮ್ಮ ಅಜ್ಜಂದಿರಿಗೆ ಗೊತ್ತಿದ್ದದ್ದೇ. ಕುರಿಕಾಯುವವರು ಮಳೆಯಲ್ಲಿ ನೂಲಿನ ಧೋತ್ರವನ್ನು ನಂಬದೆ ಕಂಬಳಿಯನ್ನೇ ಹೊದೆಯುತ್ತಾರೆ. ಉಣ್ಣೆಯು ಒದ್ದೆಯಾದರೂ ಸ್ವಲ್ಪ ಬಿಸಿಯನ್ನು ಉಳಿಸುವದು, ಹತ್ತಿಯು ಉಳಿಸದು. ಆದಕಾರಣ ಬೆಟ್ಟಕ್ಕೆ ಹತ್ತಿಯ ಅಂಗಿಯೂ ಜೀನ್ಸೂ ಸಲ್ಲವು. ಮೈಗೆ ತಾಗಿ ಬೆವರನ್ನು ಬೇಗ ಆರಿಸುವ ಬಟ್ಟೆ, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿಮಳೆಗಳನ್ನು ತಡೆಯುವ ಅಂಗಿ, ಹೀಗೆ ಪದರ ಪದರವಾಗಿ ಉಡಬೇಕು. ಒಂದು ಜೊತೆ ಒಣಬಟ್ಟೆಯನ್ನು ನೀರು ತಾಗದ ಚೀಲದಲ್ಲಿ ಕಟ್ಟಿ ಇಡಬೇಕು. ರಾತ್ರಿ ಮಲಗುವದಕ್ಕಲ್ಲದೆ ಅದನ್ನು ತೆಗೆಯಬಾರದು.

6. ಬಂಡೆ ಮತ್ತು ಹಗ್ಗ

ಶಿಲಾರೋಹಣವು ನೋಡುವದಕ್ಕೆ ಎಲ್ಲಕ್ಕಿಂತ ಭಯಂಕರವಾದದ್ದು. ಕ್ರಮವರಿತು ಮಾಡಿದರೆ ಅಪಾಯವನ್ನು ಬಹುಮಟ್ಟಿಗೆ ಹತೋಟಿಯಲ್ಲಿಡಬಹುದಾದದ್ದು. ಇದಕ್ಕೆ ಬೇಕಾದವು ತಲೆಗೆ ಶಿರಸ್ತ್ರಾಣ, ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ, ಬೀಗವಿರುವ ಲೋಹದ ಕೊಂಡಿಗಳು, ಮತ್ತು ಹಗ್ಗ. ಈ ಹಗ್ಗವು ಬಾವಿಯ ಹಗ್ಗದಂಥದಲ್ಲ. ನೈಲಾನಿನ ಎಳೆಗಳ ತಿರುಳು ಒಳಗೂ ಅದನ್ನು ಕಾಪಾಡುವ ಹೆಣಿಗೆಯ ಹೊದಿಕೆ ಹೊರಗೂ ಇದ್ದು, ಬಿದ್ದವರ ಭಾರಕ್ಕೆ ಸ್ವಲ್ಪ ಹಿಗ್ಗುತ್ತದೆ. ಹಿಗ್ಗದ ಹಗ್ಗವಾದರೆ ಬಿದ್ದವರ ಬೆನ್ನೆಲುಬಿಗೇ ಪೆಟ್ಟು. ಹತ್ತುವವಳು ಎಂಟರ ಆಕಾರದ ಗಂಟಿನಿಂದ ಹಗ್ಗವನ್ನು ತನ್ನ ಪಟ್ಟಿಗೆ ಕಟ್ಟಿಕೊಳ್ಳುತ್ತಾಳೆ. ಕೆಳಗೆ ನಿಂತ ಸಂಗಾತಿಯು ಹಗ್ಗವನ್ನು ಒಂದು ಸಾಧನದ ಮೂಲಕ ಬಿಡುತ್ತ ಹಿಡಿಯುತ್ತ ಕಾಯುತ್ತಾಳೆ.

ಹೊರಡುವ ಮೊದಲು ಇಬ್ಬರೂ ಒಬ್ಬರ ಗಂಟನ್ನೂ ಕೊಂಡಿಯನ್ನೂ ಮತ್ತೊಬ್ಬರು ಮುಟ್ಟಿ ನೋಡಬೇಕೆಂಬದು ಈ ವಿದ್ಯೆಯ ಕಡ್ಡಾಯವಾದ ನಿಯಮ. ನೂರು ಸಾರಿ ಹತ್ತಿದವಳೂ ಇದನ್ನು ಬಿಡುವ ಹಾಗಿಲ್ಲ. ಹಗ್ಗ ಹಿಡಿದವಳು ಕೆಳಗಿರುವಾಗ ಹರಟಬಾರದು, ಚಿತ್ರ ತೆಗೆಯಬಾರದು, ಹಿಡಿಯುವ ಕೈಯನ್ನು ಒಂದು ಕ್ಷಣವೂ ಸಡಿಲಿಸಬಾರದು. ಮೇಲೇರಿದವಳ ಹೆಸರು ಎಲ್ಲರಿಗೂ ಕೇಳುತ್ತದೆ. ಕೆಳಗೆ ಹಗ್ಗ ಹಿಡಿದವಳ ಹೆಸರು ಯಾರಿಗೂ ತಿಳಿಯದು. ಆದರೂ ಇವಳ ನಂಬಿಗಸ್ತಿಕೆಯ ಮೇಲೆಯೇ ಅವಳ ಪ್ರಾಣವು ನಿಂತಿರುತ್ತದೆ. ಶಾಲೆಯಲ್ಲಿ ನಾವು ನಂಬಿಗಸ್ತಿಕೆಯ ಗುಣವನ್ನು ಬಾಯಿಮಾತಿನಿಂದ ಕಲಿಸುತ್ತೇವೆ. ಬಂಡೆಯ ಬುಡದಲ್ಲಿ ಅದನ್ನು ಕೈಯಿಂದ ಕಲಿಯಬೇಕಾಗುತ್ತದೆ.

7. ರಭಸದ ನೀರು

ಪರ್ವತದಿಂದಿಳಿಯುವ ನದಿಗಳಲ್ಲಿ ಗಾಳಿ ತುಂಬಿದ ರಬ್ಬರಿನ ತೆಪ್ಪಗಳನ್ನು ನಡೆಸುವದು ಇನ್ನೊಂದು ಕ್ರೀಡೆ. ನೀರಿನ ರಭಸವನ್ನು ಒಂದರಿಂದ ಆರರ ವರೆಗೆ ದರ್ಜೆಗಳಾಗಿ ಎಣಿಸುತ್ತಾರೆ; ಹೊಸಬರು ಮೂರನ್ನು ಮೀರಬಾರದು. ನಮ್ಮ ರಾಜ್ಯದಲ್ಲಿ ದಾಂಡೇಲಿಯ ಕಾಳೀನದಿಯೂ, ಮಳೆಗಾಲದಲ್ಲಿ ಕೊಡಗಿನ ಬರಪೊಳೆಯೂ ಇದಕ್ಕೆ ಹೆಸರಾದವು. ಕಾಳಿಯ ರಭಸವು ಮೇಲಿನ ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ ನಿಂತಿದೆ.

ಭೀಮಾತೀರದ ನಮಗೆ ನೀರಿನ ಮಾತು ಹೊಸದಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಬಂದಾಗ ಅಫಜಲಪುರ, ಜೇವರ್ಗಿಗಳ ದಂಡೆಯ ಊರುಗಳು ಪಟ್ಟ ಪಾಡನ್ನು ಹಲವರು ಕಣ್ಣಾರೆ ಕಂಡಿದ್ದಾರೆ. ಮುಂಚೆ ಗಂಡುಹುಡುಗರು ಸೋರೆಬುರುಡೆ ಕಟ್ಟಿಕೊಂಡು ಬಾವಿಗಿಳಿದು ಈಜು ಕಲಿಯುತ್ತಿದ್ದರು; ಹೆಣ್ಣುಮಕ್ಕಳಿಗೆ ಆ ಸಂದರ್ಭ ಅಪರೂಪವಾಗಿತ್ತು. ನದೀತೀರದ ಹುಡುಗಿಗೆ ಈಜು ಬಾರದಿರುವದು ಸಾಹಸಕ್ರೀಡೆಯ ಕೊರತೆಯಲ್ಲ, ಜೀವರಕ್ಷಣೆಯದೇ ಕೊರತೆ.

ಈಜು ಬಂದರೂ ತೆಪ್ಪದಲ್ಲಿ ಕೂಡುವಾಗ ಜೀವರಕ್ಷಕ ಅಂಗಿಯನ್ನೂ ಶಿರಸ್ತ್ರಾಣವನ್ನೂ ಬಿಗಿಯಾಗಿ ತೊಡಬೇಕು. ನೀರಿಗೆ ಬಿದ್ದರೆ ಬೆನ್ನ ಮೇಲೆ ತೇಲುತ್ತ, ಕಾಲುಗಳನ್ನು ಹರಿವಿನ ದಿಕ್ಕಿಗೆ ಮುಂದೆ ಚಾಚಿ, ಪಾದಗಳನ್ನು ಮೇಲಕ್ಕೆತ್ತಿಕೊಂಡಿರಬೇಕು. ಸೆಳೆವಿನಲ್ಲಿ ಎದ್ದು ನಿಲ್ಲುವ ಪ್ರಯತ್ನ ಮಾಡಕೂಡದು. ತಳದ ಕಲ್ಲುಗಳ ನಡುವೆ ಪಾದವು ಸಿಕ್ಕಿಕೊಂಡರೆ ನೀರು ಮೈಯನ್ನು ಮಡಚಿ ಮುಳುಗಿಸುವದು. ಸೊಂಟದಷ್ಟೇ ಆಳದ ನೀರಿನಲ್ಲಿಯೂ ಜನರು ಸಾಯುವದು ಹೀಗೆಯೇ.

ಗಾಳಿಯಲ್ಲಿ ತೇಲುವ ಕ್ರೀಡೆಗೆ ಹಿಮಾಚಲದ ಬೀರ್‌ಬಿಲ್ಲಿಂಗ್ ಹೆಸರಾದದ್ದು. 2015ರಲ್ಲಿ ಅಲ್ಲಿ ವಿಶ್ವಮಟ್ಟದ ಸ್ಪರ್ಧೆಯೇ ನಡೆಯಿತು. ಹೊಸಬರು ಪಳಗಿದ ಚಾಲಕನೊಡನೆ ಜೋಡಿಯಾಗಿ ಮಾತ್ರ ಹಾರಬೇಕು. ಗಾಳಿ ಸರಿಯಿಲ್ಲವೆಂದು ಅವನು ಹೇಳಿದ ದಿನ, ಹಣ ಹೋದರೂ ಹಿಂದಿರುಗಬೇಕು.

8. ಎಲ್ಲಿ ಕಲಿಯುವದು

ಕ್ರಮವಾಗಿ ಕಲಿಯಬೇಕೆನ್ನುವವರಿಗೆ ನಮ್ಮ ರಾಜ್ಯದ ಯುವಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ದಾರ್ಜಿಲಿಂಗಿನ ಸಂಸ್ಥೆಯು 1954ರಲ್ಲಿ, ಮನಾಲಿಯದು 1961ರಲ್ಲಿ, ಉತ್ತರಕಾಶಿಯದು 1965ರಲ್ಲಿ ಸ್ಥಾಪಿತವಾದವು. ಅಲ್ಲಿಯ ಮೂಲ ಶಿಕ್ಷಣವು ಸುಮಾರು ನಾಲ್ಕು ವಾರಗಳದು, ಸ್ತ್ರೀಯರಿಗೂ ಪ್ರವೇಶವುಂಟು. ಗೈಡ್ಸ್ ಸೇರಿದ ಬಾಲಿಕೆಯರಿಗೆ ಮಧ್ಯಪ್ರದೇಶದ ಪಚಮಢಿಯಲ್ಲಿ ಸಾಹಸ ಶಿಬಿರಗಳು ನಡೆಯುತ್ತವೆ. ಇಂಥ ಸಂಸ್ಥೆಗಳಲ್ಲಿಯೂ ಅಪಾಯವು ಸೊನ್ನೆಯಲ್ಲ: 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾ ಎಂಬ ಶಿಖರದಲ್ಲಿ ಹಿಮವು ಜರಿದು ಉತ್ತರಕಾಶಿಯ ಸಂಸ್ಥೆಯ ಅನೇಕ ಅಭ್ಯಾಸಿಗಳು ಮರಣ ಹೊಂದಿದರು. ಪರ್ವತದ ಮುಂದೆ ಯಾರೂ ಅಹಂಕಾರ ಪಡುವಂತಿಲ್ಲ.

ಏರುವ ಅಭ್ಯಾಸಕ್ಕೆ ಮೊದಲು ಶಹಾಪುರ, ಯಾದಗಿರಿಗಳ ಗುಡ್ಡಗಳು. ಬಳಿಕ ಸಾವನದುರ್ಗದ ಒಂಟಿಬಂಡೆ. ಬಳಿಕ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ, ಕೊಡಗಿನ ತಡಿಯಂಡಮೋಳ್, ಕುಮಾರಪರ್ವತ, ಹೀಗೆ ಹೋಗಬಹುದು. ಬಂಡೆ ಹತ್ತುವವರಿಗೆ ಬಾದಾಮಿಯ ಕೆಂಪು ಮರಳುಗಲ್ಲು ದೇಶದಲ್ಲಿಯೇ ಹೆಸರಾದದ್ದು. ಮಳೆಯಲ್ಲಿ ನೆನೆದ ಮರಳುಗಲ್ಲು ದುರ್ಬಲವಾಗುವದರಿಂದ ಅದು ಚೆನ್ನಾಗಿ ಒಣಗುವ ವರೆಗೆ ಹತ್ತಬಾರದು. ಬಂಡೆಗಳ ಬದಿಯಲ್ಲಿ ಹೆಜ್ಜೇನು ಕಟ್ಟಿರುವದರಿಂದ ಹೊಗೆ, ಗದ್ದಲ, ಕಲ್ಲೆಸೆತ ಯಾವದೂ ಕೂಡದು. ರಾಮನಗರದ ರಾಮದೇವರಬೆಟ್ಟವು 2012ರಿಂದ ರಣಹದ್ದುಗಳ ಧಾಮವಾಗಿದೆ. ಅಲ್ಲಿ ಹಕ್ಕಿಗಳ ನೆಮ್ಮದಿ ಮೊದಲು, ನಮ್ಮ ಆಟ ಆಮೇಲೆ. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜನರು ಸಂತೆಯಂತೆ ನೆರೆದದ್ದರಿಂದ ಅರಣ್ಯ ಇಲಾಖೆಯವರು ಆ ವರ್ಷವೇ ಮುಂಗಡ ನೋಂದಣಿಯನ್ನೂ ದಿನಕ್ಕೆ ಇಷ್ಟೇ ಜನರೆಂಬ ಮಿತಿಯನ್ನೂ ತಂದರು. ಅನುಮತಿಯಿಲ್ಲದೆ ಕಾಡು ಹೊಗುವದು ಸಾಹಸವಲ್ಲ, ಅಪರಾಧ.

9. ಸಿದ್ಧತೆ ಮತ್ತು ಬುತ್ತಿ

ಮೂರು ತಿಂಗಳ ಅಭ್ಯಾಸವಿಲ್ಲದೆ ಹಿಮಾಲಯಕ್ಕೆ ಹೊರಡಬಾರದು. ವಾರದಲ್ಲಿ ಐದು ದಿನ ಬೆಳಗಿನ ಜಾವ ಒಂದು ಗಂಟೆ ಚುರುಕಾಗಿ ನಡೆಯುವದು; ಬಳಿಕ ಮೆಟ್ಟಿಲು ಹತ್ತಿಳಿಯುವದು; ಕಡೆಯ ತಿಂಗಳಲ್ಲಿ ಎಂಟು ಹತ್ತು ಕಿಲೋ ಭಾರದ ಬೆನ್ನುಚೀಲ ಹೊತ್ತು ಅದನ್ನೇ ಮಾಡುವದು. ಹೊಸ ಬೂಟುಗಳನ್ನು ಬೆಟ್ಟದಲ್ಲಿ ಮೊದಲ ಸಾರಿ ತೊಡದೆ ಊರಿನಲ್ಲಿಯೇ ತೊಟ್ಟು ಪಳಗಿಸಬೇಕು.

ಬುತ್ತಿಯ ವಿಷಯದಲ್ಲಿ ನಮ್ಮ ಸೀಮೆಯವರು ಯಾರಿಗೂ ಕಡಿಮೆಯಿಲ್ಲ. ಖಡಕ್ ರೊಟ್ಟಿ, ಶೇಂಗಾದ ಹಿಂಡಿ, ಪುಟಾಣಿ, ಬೆಲ್ಲ, ಶೇಂಗಾ ಹೋಳಿಗೆ, ಇವು ಹಗುರವಾದವು, ಕೆಡದವು, ಬಲ ಕೊಡತಕ್ಕವು. ಚಳಿಯಲ್ಲಿ ನೀರಡಿಕೆ ತೋರದಿದ್ದರೂ ದಿನಕ್ಕೆ ಮೂರು ನಾಲ್ಕು ಲೀಟರು ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

10. ತಂದೆತಾಯಿಗಳಿಗೆ

ಮಗಳು ಅಪ್ಪಣೆ ಕೇಳಿದಾಗ “ಯಾರ ಸಂಗಡ?” ಎಂಬ ಒಂದೇ ಪ್ರಶ್ನೆಗೆ ನಿಲ್ಲಬೇಡಿರಿ. ಮುಖಂಡನು ಎಲ್ಲಿ ಕಲಿತವನು? ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಕ? ಅರಣ್ಯ ಇಲಾಖೆಯ ಅನುಮತಿ ಉಂಟೋ? ಎತ್ತರಕ್ಕೆ ಒಗ್ಗುವ ದಿನಗಳನ್ನು ಇಟ್ಟಿದ್ದಾರೋ? ಹವಾಮಾನ ಕೆಟ್ಟರೆ ಹಿಂದಿರುಗುವ ನಿರ್ಣಯ ಯಾರದು? ಸಂದೇಶ ಕಳುಹಿಸುವ ಸಾಧನವೂ ಔಷಧಪೆಟ್ಟಿಗೆಯೂ ಇವೆಯೋ? ವಿಮೆ ಮಾಡಿಸಿದ್ದಾರೋ? ಈ ಏಳು ಪ್ರಶ್ನೆಗಳನ್ನು ಕೇಳಿರಿ. ಮಗಳೇ ಇವುಗಳಿಗೆ ಉತ್ತರ ತಂದುಕೊಟ್ಟರೆ ಆಕೆಯು ಸಿದ್ಧಳಾಗಿದ್ದಾಳೆಂದು ತಿಳಿಯಿರಿ. ತರಲಾರದಿದ್ದರೆ ಬೇಡವೆನ್ನುವ ಬದಲು “ತಿಳಿದುಕೊಂಡು ಬಾ” ಎನ್ನಿರಿ.

ಇನ್ನೊಂದು ಮಾತು ಮಿಕ್ಕಿದೆ. ತುದಿಯನ್ನು ಮುಟ್ಟದೆ ಹಿಂದಿರುಗಿದ ಮಗಳನ್ನು “ಇಷ್ಟು ಹಣ ಸುರಿದು ಅರ್ಧಕ್ಕೇ ಬಂದೆಯಾ?” ಎಂದು ಹಂಗಿಸಬೇಡಿರಿ. ಆ ಒಂದು ಮಾತಿನ ಭಯದಿಂದಲೇ ಎಷ್ಟೋ ಜನರು ಹಿಂದಿರುಗತಕ್ಕ ಹೊತ್ತಿನಲ್ಲಿ ಮುಂದೆ ನಡೆದಿದ್ದಾರೆ. ಬೆಟ್ಟವು ಎಲ್ಲಿಗೂ ಹೋಗದು. ಮುಂದಿನ ವರ್ಷ ಅಲ್ಲಿಯೇ ಇರುವದು. ದೇವರು ಕೊಟ್ಟ ಜೀವವನ್ನು ಜೋಪಾನವಾಗಿ ಮನೆಗೆ ತಂದವಳೇ ಆ ದಿನ ಗೆದ್ದವಳು.

ಮನೆಯಲ್ಲಿ ಕೂಡಿ ಯೋಚಿಸತಕ್ಕ ಪ್ರಶ್ನೆಗಳು

1. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಲ್ಲಿಯೂ ಒಂದೇ ಇದ್ದರೂ ಎತ್ತರದಲ್ಲಿ ಉಸಿರು ಸಾಲದೇಕೆ?
2. ಜೇವರ್ಗಿಯಲ್ಲಿ 38 ಡಿಗ್ರಿಯಿದ್ದರೆ ಅಲ್ಲಿಂದ 3,000 ಮೀಟರು ಮೇಲೆ ಎಷ್ಟಿರಬಹುದು? ಒದ್ದೆ ಬಟ್ಟೆಯಿದ್ದವಳಿಗೆ ಅದು ಹೇಗೆ ತೋರೀತು?
3. ಸಂಗಾತಿಗೆ ತಲೆನೋವು, ತೂರಾಟ ಕಂಡವು. ಬಿಡಾರವು ಇನ್ನು ಅರ್ಧ ಗಂಟೆಯ ಏರಿನಲ್ಲಿದೆ. ಮೇಲಕ್ಕೋ, ಕೆಳಕ್ಕೋ? ಕಾರಣ ಹೇಳಿರಿ.
4. ಹೊಸ ಈಜುಗಾತಿಗೆ ಹರಿಯುವ ನೀರಿನಲ್ಲಿ ಎದ್ದು ನಿಲ್ಲಬೇಡವೆಂದು ಹೇಳುವದೇಕೆ?
5. ನಿಮ್ಮ ಮನೆಯಲ್ಲಿ ಯಾರಾದರೂ ಹಿಂದಿರುಗಿ ಬಂದದ್ದಕ್ಕಾಗಿ ಹೊಗಳಿಸಿಕೊಂಡದ್ದುಂಟೋ?